ಮೀಟರ್ ನಿಂತದ್ದಕ್ಕೆ ಗೇರ್‌ಬಾಕ್ಸ್ ಬಿಚ್ಚಬೇಡಿ

ಹಳೇ ಪಿಕಪ್ ಇಟ್ಟುಕೊಂಡವರಿಂದ ಈ ಮಳೆಗಾಲದಲ್ಲೂ ಅದೇ ಪ್ರಶ್ನೆ: ‘ಸ್ಪೀಡೋಮೀಟರ್ ನಿಂತಿದೆ, ಗೇರ್‌ಬಾಕ್ಸ್ ಹೋಗಿದೆ ಅನ್ನುತ್ತಾರೆ, ಎಷ್ಟು ಖರ್ಚಾದೀತು?’ ಖರ್ಚು ಕೇಳುವ ಮೊದಲು ಕಾರಣ ಕೇಳಿ. ಕಾರಣ ಹೇಳಲಾಗದವರಿಗೆ ಗೇರ್‌ಬಾಕ್ಸ್ ಇಳಿಸಲು ಬಿಡಬೇಡಿ.

ಪ್ರಶ್ನೆ: ನನ್ನದು ಹದಿನೆಂಟು ವರ್ಷ ಹಳೆಯ ಡೀಸೆಲ್ ಪಿಕಪ್. ಅಡಿಕೆ, ಗೊಬ್ಬರ ಸಾಗಿಸುತ್ತೇನೆ. ಕೆಲವು ತಿಂಗಳಿಂದ ಮೀಟರಿನ ಸೂಜಿ ಕುಣಿಯುತ್ತಿತ್ತು. ಹೊಸ ಕೇಬಲ್ ಹಾಕಿಸಿದೆ, ಅದೂ ವಾರದೊಳಗೆ ತುಂಡಾಯಿತು. ಗಾಜಿನ ಒಳಬದಿಯಲ್ಲಿ ಎಣ್ಣೆಪಸೆ ಇದೆ. ಈಗ ಮೂರರಿಂದ ಎರಡಕ್ಕೆ ಇಳಿಸುವಾಗ ‘ಕರ್ರ್’ ಅನ್ನುತ್ತದೆ. ಗೇರ್‌ಬಾಕ್ಸ್ ಕೆಟ್ಟೇ ಮೀಟರ್ ನಿಂತದ್ದು, ಬೇರೆ ಗೇರ್‌ಬಾಕ್ಸ್ ಕೂರಿಸೋಣ ಅನ್ನುತ್ತಾರೆ ಮೆಕ್ಯಾನಿಕ್. ಒಪ್ಪಬಹುದೇ? (ಪೆರ್ಲದ ಓದುಗರು)

ಉತ್ತರ: ಒಪ್ಪಬೇಡಿ. ಅವರು ಹೇಳಿದ್ದು ತಲೆಕೆಳಗು. ಮೀಟರಿನ ಗಾಜಿನಲ್ಲಿರುವ ಆ ಎಣ್ಣೆ ನಿಮ್ಮ ಗೇರ್‌ಬಾಕ್ಸಿನದ್ದೇ.

ಗೇರ್‌ಬಾಕ್ಸಿನ ಹಿಂತುದಿಯಲ್ಲಿ ಒಂದೇ ಬೋಲ್ಟಿನಲ್ಲಿ ನಿಂತ ಸಣ್ಣ ಹೌಸಿಂಗ್ ಇದೆ. ಅದರೊಳಗೆ ನೈಲಾನಿನ ಪುಟ್ಟ ಹಲ್ಲುಚಕ್ರ, ಅದರ ದಂಡಕ್ಕೊಂದು ಸೀಲ್, ಹೊರಗೊಂದು ರಬ್ಬರ್ ಉಂಗುರ. ಕೇಬಲ್ ಹೊರಡುವುದು ಇಲ್ಲಿಂದ. ಸೀಲ್ ಸವೆದರೆ, ಸುರುಳಿ ಸುತ್ತಿದ ಒಳಕೇಬಲ್ ತಿರುಗುತ್ತಾ ಎಣ್ಣೆಯನ್ನು ಮೇಲೆ ಮೇಲೆ ಏರಿಸಿ ಮೀಟರಿನೊಳಗೆ ಬಿಡುತ್ತದೆ. ಅಲ್ಲಿ ತಿರುಗುವ ಅಯಸ್ಕಾಂತಕ್ಕೂ ಅಲ್ಯೂಮಿನಿಯಂ ಬಟ್ಟಲಿಗೂ ನಡುವೆ ಎಣ್ಣೆ ಸೇರಿತೆಂದರೆ ಸೂಜಿ ಕುಣಿಯಲು ಶುರು. ಮುಂದೆ ಆ ಎಣ್ಣೆ ಧೂಳು ಹಿಡಿದು ಅಂಟಾಗಿ ಮೀಟರಿನ ದಂಡವನ್ನೇ ಬಿಗಿ ಮಾಡುತ್ತದೆ. ಬಿಗಿದ ಮೀಟರಿಗೆ ಹೊಸ ಕೇಬಲ್ ಕಟ್ಟಿದರೆ ತುಂಡಾಗದೆ ಏನಾಗಬೇಕು? ಕೇಬಲ್ ಮೇಲೆ ಕೇಬಲ್ ಮಾರುವವರು ಮೀಟರಿನ ದಂಡವನ್ನು ಒಮ್ಮೆ ಬೆರಳಲ್ಲಿ ತಿರುಗಿಸಿ ನೋಡುವುದಿಲ್ಲ. ಇದು ನನಗೆ ಸಹಿಸಲಾಗದ ಸಂಗತಿ.

ಮೇಲೆ ಹೋದಷ್ಟು, ಹೌಸಿಂಗ್ ಬದಿಯಿಂದ ತೊಟ್ಟಿಕ್ಕಿದಷ್ಟು ಎಣ್ಣೆ ಕೆಳಗೆ ಕಮ್ಮಿಯಾಗಿದೆ. ಗೇರ್ ಕರಕರ ಅನ್ನುವುದಕ್ಕೆ ಅದೇ ಕಾರಣ ಇರಬಹುದು, ಕ್ಲಚ್ ಕೂಡ ಇರಬಹುದು. ಹಾಗಾಗಿ ಮೊದಲು ಎಣ್ಣೆಮಟ್ಟ ನೋಡಿ. ಗಾಡಿ ಸಮತಟ್ಟಿನಲ್ಲಿರಲಿ. ಬದಿಯ ತುಂಬುವ ಪ್ಲಗ್ ಬಿಚ್ಚಿ ಕಿರುಬೆರಳು ಹಾಕಿದರೆ ಎಣ್ಣೆ ತೂತಿನ ಅಂಚಿನಲ್ಲೇ ಸಿಗಬೇಕು. ಹಳೇ ಎಣ್ಣೆ ಇಳಿಸುವುದಿದ್ದರೂ ಬಿಚ್ಚಬೇಕಾದದ್ದು ಮೊದಲು ಈ ಮೇಲಿನ ಪ್ಲಗ್. ಅದು ತುಕ್ಕು ಹಿಡಿದು ಬಾರದೆ, ಕೆಳಗಿನದ್ದನ್ನು ಬಿಚ್ಚಿ ಎಣ್ಣೆ ಖಾಲಿ ಮಾಡಿಕೊಂಡು ರಸ್ತೆ ಬದಿ ನಿಂತವರಿದ್ದಾರೆ.

ಇಳಿದ ಎಣ್ಣೆಯನ್ನು ಬಿಳಿ ತಟ್ಟೆಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ. ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದುಬಣ್ಣದ ನುಣ್ಣನೆಯ ಕೆಸರು ಅಂಟಿದ್ದರೆ ಗಾಬರಿ ಬೇಡ. ಹಿತ್ತಾಳೆ ಬಣ್ಣದ ಮಿನುಗು ಇದ್ದರೆ ಸಿಂಕ್ರೋ ರಿಂಗ್ (ಗೇರ್ ಸೇರುವ ಮೊದಲು ವೇಗ ಹೊಂದಿಸುವ ಹಿತ್ತಾಳೆ ಬಳೆ) ಸವೆಯುತ್ತಿದೆ. ಉಕ್ಕಿನ ಚೂರು, ಹಕ್ಕಳೆ ಸಿಕ್ಕಿತೋ, ಅಂದೇ ಗಾಡಿ ನಿಲ್ಲಿಸಿ. ಎಣ್ಣೆ ಹಾಲು ಹಾಕಿದ ಚಹಾದಂತಿದ್ದರೆ ನೀರು ಹೊಕ್ಕಿದೆ. ಬಿಸಿ ಗೇರ್‌ಬಾಕ್ಸ್ ತೋಡಿನ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಗಾಳಿಯಾಡಲು ಬಿಟ್ಟ ಕಿರುತೂತು) ಮೂಲಕ ನೀರು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ತೋಟದ ತೋಡು ದಾಟುವವರು ಇದನ್ನು ನೋಡಲೇಬೇಕು.

ಆಮೇಲೆ ಕ್ಲಚ್. ನಿಂತಲ್ಲೇ ಎಂಜಿನ್ ಚಾಲೂ ಇಟ್ಟು, ಪೆಡಲ್ ಪೂರ್ತಿ ಅದುಮಿ, ನಾಲ್ಕೈದು ಸೆಕೆಂಡು ತಡೆದು ರಿವರ್ಸ್ ಹಾಕಿ. ಆಗಲೂ ಕರ್ರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಪೆಡಲ್ ಎರಡು ಸಲ ಒತ್ತಿದಾಗ ಸರಿಹೋದರೆ ಕ್ಲಚ್ಚಿನ ಎಣ್ಣೆಗೆ ಗಾಳಿ ಸೇರಿದೆ, ಇಲ್ಲವೇ ಸಿಲಿಂಡರಿನ ರಬ್ಬರ್ ಹೋಗಿದೆ. ರಿವರ್ಸ್ ಮೆಲ್ಲನೆ ಬಿದ್ದು ಎರಡನೆಯದು ಮಾತ್ರ ತಕರಾರು ಮಾಡಿದರೆ ಸಿಂಕ್ರೋ ಸವೆದಿದೆ. ನ್ಯೂಟ್ರಲ್‌ನಲ್ಲಿ ಗುಂಯ್ ಅಂದು ಕ್ಲಚ್ ಒತ್ತಿದರೆ ನಿಲ್ಲುವ ಸದ್ದು ಗೇರ್‌ಬಾಕ್ಸ್ ಬೇರಿಂಗಿನದ್ದು, ಒತ್ತಿದಾಗಲೇ ಶುರುವಾಗುವ ಸದ್ದು ಕ್ಲಚ್ಚಿನ ರಿಲೀಸ್ ಬೇರಿಂಗಿನದ್ದು. ಇಷ್ಟನ್ನು ನೋಡದೆ ಬೇರೆ ಗೇರ್‌ಬಾಕ್ಸ್ ಮಾತೆತ್ತುವುದು ವೈದ್ಯವಲ್ಲ, ವ್ಯಾಪಾರ.

ಸೀಲ್, ರಬ್ಬರ್ ಉಂಗುರ ಬದಲಿಸಿ. ನೈಲಾನ್ ಚಕ್ರದ ಹಲ್ಲು ಸವೆದಿದ್ದರೆ ಅಷ್ಟೇ ಹಲ್ಲಿನದ್ದನ್ನೇ ತನ್ನಿ, ಒಂದು ಹೆಚ್ಚುಕಮ್ಮಿಯಾದರೂ ಮೀಟರ್ ತಪ್ಪು ತೋರಿಸುತ್ತದೆ. ಮೀಟರ್ ಬಿಚ್ಚಿ ತೊಳೆಸಿದ ಮೇಲೆಯೇ ಹೊಸ ಕೇಬಲ್. ಗ್ರೀಸ್ ತೆಳ್ಳಗೆ, ಕೆಳಗಿನ ಮುಕ್ಕಾಲು ಭಾಗಕ್ಕೆ ಮಾತ್ರ. ಕೇಬಲ್ ಎಲ್ಲೂ ಚೂಪಾಗಿ ಬಾಗಬಾರದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಇದಕ್ಕೆಲ್ಲ ಗಾಡಿಯ ಅಡಿಗೆ ಹೋಗಬೇಕು. ನಮ್ಮಲ್ಲಿ ಜಾಕ್ ಎತ್ತಿ ಅಡಿಗೆ ಕೆಂಪುಕಲ್ಲು ಕೊಡುವ ರೂಢಿ ಇದೆ. ಮಳೆಯಲ್ಲಿ ನೆನೆದ ಕೆಂಪುಕಲ್ಲು ಮುನ್ಸೂಚನೆ ಇಲ್ಲದೆ ಸೀಳುತ್ತದೆ. ಕಬ್ಬಿಣದ ಸ್ಟ್ಯಾಂಡ್, ಕಾಂಕ್ರೀಟ್ ನೆಲ, ಚಕ್ರ ಉರುಳದಂತೆ ಒತ್ತು. ಈ ಮೂರೂ ಇಲ್ಲದಿದ್ದರೆ ಅಡಿಗೆ ಹೋಗಬೇಡಿ, ಬೇರೆಯವರನ್ನು ಕಳಿಸಲೂಬೇಡಿ.

ಪ್ರಶ್ನೆ: ಸ್ಪೀಡ್ ಸೆನ್ಸರ್ ಬದಲಿಸಿದರೆ ಗೇರ್ ಬೀಳುವುದು ಸರಿಯಾಗುತ್ತದೆ ಎಂದು ಅಮೆರಿಕದ ವಿಡಿಯೊ ಒಂದರಲ್ಲಿ ನೋಡಿದೆ. (ಉಪ್ಪಳ)

ಉತ್ತರ: ಅದು ಆಟೊಮ್ಯಾಟಿಕ್ ಗಾಡಿಯ ಮಾತು. ನಿಮ್ಮ ಗೇರ್ ಹಾಕುವುದು ನಿಮ್ಮ ಕೈ.

ಪ್ರಶ್ನೆ: ಗೇರ್‌ಬಾಕ್ಸ್ ಸದ್ದಿಗೆ 140ರ ದಪ್ಪ ಎಣ್ಣೆ, ಜೊತೆಗೆ ಸ್ವಲ್ಪ ಮರದ ಹುಡಿ ಹಾಕಿದರೆ ಸಾಕೇ? (ಬದಿಯಡ್ಕ)

ಉತ್ತರ: ಮರದ ಹುಡಿ ಹಳೇ ಗಾಡಿಯನ್ನು ದಾಟಿಸಿಬಿಡುವ ದಲ್ಲಾಳಿಗಳ ಮೋಸ. ನಾಲ್ಕು ದಿನ ಸದ್ದು ಅಡಗುತ್ತದೆ, ಆಮೇಲೆ ಬೇರಿಂಗ್ ಎಣ್ಣೆ ಸಿಗದೆ ಸಾಯುತ್ತದೆ. ದಪ್ಪ ಎಣ್ಣೆಯಲ್ಲಿ ಸಿಂಕ್ರೋ ಹಿಡಿಯುವುದು ನಿಧಾನವಾಗಿ ಗೇರ್ ಇನ್ನಷ್ಟು ಕಿರುಚುತ್ತದೆ. ಗಾಡಿಯ ಕೈಪಿಡಿಯಲ್ಲಿ 80ಡಬ್ಲ್ಯು-90 ಜಿಎಲ್-4 ದರ್ಜೆಯ ಎಣ್ಣೆ ಎಂದಿದ್ದರೆ ಅದನ್ನೇ ಹಾಕಿ. ಹಿಂದಿನ ಆಕ್ಸಲ್ಲಿನ ಡಿಫರೆನ್ಷಿಯಲ್‌ಗೆಂದು ತಂದ ಜಿಎಲ್-5 ಉಳಿದಿದೆ ಎಂದು ಇಲ್ಲಿಗೆ ಸುರಿಯಬೇಡಿ, ಹಿತ್ತಾಳೆಯ ರಿಂಗಿಗೆ ಅದು ಒಳ್ಳೆಯದಲ್ಲ.

ಪ್ರಶ್ನೆ: ನನ್ನದು ಕೇಬಲ್ ಇಲ್ಲದ, ಸೆನ್ಸರಿನ ಮೀಟರ್. ಒಮ್ಮೆ ತೋರಿಸುತ್ತದೆ, ಒಮ್ಮೆ ಇಲ್ಲ. (ಮುಳ್ಳೇರಿಯ)

ಉತ್ತರ: ಗಾಡಿ ನಿಲ್ಲಿಸುವುದು ಅಡಿಕೆ ರಾಶಿಯ ಪಕ್ಕವೇ? ಹಾಗಾದರೆ ಮೊದಲು ಇಲಿ ಕಡಿದ ವಯರ್ ಹುಡುಕಿ, ಆಮೇಲೆ ಕಿಲುಬು ಹಿಡಿದ ಕನೆಕ್ಟರ್, ಅರ್ತ್ ಬೋಲ್ಟ್. ಹೊಸ ಸೆನ್ಸರ್ ಕೊನೆಗೆ.

ಪ್ರಶ್ನೆ: 215/75 ಆರ್15 ತೆಗೆದು 235/75 ಆರ್15 ಟಯರ್ ಹಾಕಿದೆ. ಮೀಟರ್ ಸರಿ ತೋರಿಸುತ್ತದೆಯೇ? (ಕುಂಬಳೆ)

ಉತ್ತರ: ಇಲ್ಲ. ಟಯರಿನ ವ್ಯಾಸ ಸುಮಾರು 703ರಿಂದ 733 ಮಿ.ಮೀ.ಗೆ ಏರಿತು, ಅಂದರೆ ನೂರಕ್ಕೆ ನಾಲ್ಕರಷ್ಟು. ಈಗ ಮೀಟರ್ 60 ತೋರಿಸುವಾಗ ಗಾಡಿ ನಿಜಕ್ಕೂ 62 ದಾಟಿರುತ್ತದೆ. ಹೆದ್ದಾರಿ 66ರ ಕ್ಯಾಮರಾ ನಿಮ್ಮ ಮೀಟರ್ ನೋಡುವುದಿಲ್ಲ.

ಪ್ರಶ್ನೆ: ಮೀಟರ್ ಇಲ್ಲದೆಯೂ ಅಂದಾಜಿನಲ್ಲಿ ಓಡಿಸಬಹುದಲ್ಲ? (ಮಂಜೇಶ್ವರ)

ಉತ್ತರ: ಕೂಡದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 117ನೆಯದು ಸ್ಪೀಡೋಮೀಟರ್ ಇರಲೇಬೇಕು ಅನ್ನುತ್ತದೆ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಫಿಟ್‌ನೆಸ್ ತಪಾಸಣೆ ವರ್ಷಕ್ಕೊಮ್ಮೆ. ಆ ದಿನ ಬರುವುದಕ್ಕೆ ತಿಂಗಳಿರುವಾಗಲೇ ರಿಪೇರಿ ಮುಗಿಸಿ.