ಹತ್ತನೇ ತರಗತಿಗೆ ಬಂದರೆ ಸಂಗೀತ ಬಿಡಿಸಬೇಕೆ?

ಪ್ರಶ್ನೆ: ನಮ್ಮ ಮಗಳು ಕೆಲವು ವರ್ಷಗಳಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ, ಜೂನಿಯರ್ ಪರೀಕ್ಷೆ ಮುಗಿದಿದೆ. ಜೂನ್‌ಗೆ ಹತ್ತನೇ ತರಗತಿ. ಸಂಗೀತ ಬಿಡಿಸಿ ಟ್ಯೂಷನ್‌ಗೆ ಹಾಕಿ ಎಂದು ಮನೆಯ ಹಿರಿಯರು ಹೇಳುತ್ತಾರೆ. ಸಂಗೀತದಿಂದ ಬುದ್ಧಿ ಚುರುಕಾಗಿ ಅಂಕವೂ ಹೆಚ್ಚುತ್ತದೆ ಎನ್ನುತ್ತಾರೆ ಅವಳ ಮೇಷ್ಟ್ರು. ಯಾರ ಮಾತು ಸರಿ?
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಅಂಕದ ಮಾತನ್ನು ಮೊದಲು ಬದಿಗಿಡೋಣ. ಸಂಗೀತ ಕೇಳಿದರೆ ಬುದ್ಧಿ ಬೆಳೆಯುತ್ತದೆ ಎಂಬ ನಂಬಿಕೆ ಜಗತ್ತಿನಲ್ಲಿ ಹಬ್ಬಿದ್ದು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಿಂದ. ಮೊಜಾರ್ಟ್‌ನ ರಚನೆಯೊಂದನ್ನು ಹತ್ತು ನಿಮಿಷ ಕೇಳಿದ ಕಾಲೇಜು ವಿದ್ಯಾರ್ಥಿಗಳು, ಆಕಾರಗಳನ್ನು ಮನಸ್ಸಿನಲ್ಲೇ ಮಡಿಸಿ ಬಿಡಿಸಿ ನೋಡುವ ಬಗೆಯ ಪ್ರಶ್ನೆಗಳಲ್ಲಿ ತುಸು ಮೇಲಾದರು. ಆ ಪ್ರಭಾವ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಉಳಿಯಲಿಲ್ಲ. ಅದು ಮಕ್ಕಳ ಮೇಲೆ ನಡೆದ ಪ್ರಯೋಗವೂ ಅಲ್ಲ, ಸಂಗೀತ ಕಲಿಕೆಯನ್ನು ಕುರಿತದ್ದೂ ಅಲ್ಲ. ಆದ್ದರಿಂದ ಅಂಕದ ಆಸೆಗಾಗಿ ಸಂಗೀತ ಕಲಿಸುವುದು ಬೇಡ. ಅಂಕ ಹೆಚ್ಚಲಿಲ್ಲವೆಂದು ಬಿಡಿಸುವುದೂ ಬೇಡ.

ಸಂಗೀತ ಕೊಡುವುದು ಬೇರೆಯದನ್ನು. ನಿಮ್ಮ ಮಗಳು ಸರಳೆ ವರಸೆ (ಆರಂಭದ ಸ್ವರಪಾಠ) ಹಾಡುವಾಗ ಒಮ್ಮೆ ಹತ್ತಿರ ಕುಳಿತು ಗಮನಿಸಿ. ಈ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂಬುದು ಸಂಪ್ರದಾಯದ ಮಾತು (ದಾಸರು ಹುಟ್ಟಿದ್ದು ನಿಮ್ಮ ತಾಲ್ಲೂಕಿನ ಆರಗ ಸೀಮೆಯಲ್ಲೇ ಎಂಬ ಅಭಿಪ್ರಾಯ ವಿದ್ವಾಂಸರಲ್ಲಿದೆ). ಮೊದಲ ಪಾಠದ ರಾಗ ಮಾಯಾಮಾಳವಗೌಳ. ಅದರಲ್ಲಿ ರಿಷಭವು (ರಿ) ಷಡ್ಜಕ್ಕೆ (ಸ), ಧೈವತವು (ದ) ಪಂಚಮಕ್ಕೆ (ಪ) ಅಂಟಿಕೊಂಡಂತೆ ಇರುವುದರಿಂದ, ಕೂದಲೆಳೆಯಷ್ಟು ಮೇಲೆ ಹೋದರೂ ಅಪಶ್ರುತಿ ಕೇಳಿಬಿಡುತ್ತದೆ. ಇನ್ನು ಕಾಲದ, ಎಂದರೆ ವೇಗದ, ಲೆಕ್ಕ: ಮೊದಲ ಕಾಲದಲ್ಲಿ ತಾಳದ ಒಂದು ಎಣಿಕೆಗೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಸ್ವರ ಓಡುತ್ತಿದ್ದರೂ ಆದಿತಾಳ ಹಾಕುವ ಕೈ ಮಾತ್ರ ಅವಸರ ಮಾಡಬಾರದು. ಮೂರನೇ ಕಾಲಕ್ಕೆ ಬಂದಾಗ ಎಲ್ಲ ಮಕ್ಕಳ ಕೈಯೂ ಓಡುತ್ತದೆ. ಮಗು ಅದನ್ನು ತಾನೇ ಗುರುತಿಸಿ, ನಿಲ್ಲಿಸಿ, ಅದೇ ಸಾಲನ್ನು ಮತ್ತೆ ಹಿಡಿಯುತ್ತದೆ. ತನ್ನ ತಪ್ಪನ್ನು ಆ ಕ್ಷಣದಲ್ಲೇ ತನ್ನ ಕಿವಿಯಿಂದ ಕೇಳಿ, ಅಳದೆ, ಯಾರ ಮೇಲೂ ಸಿಟ್ಟಾಗದೆ ತಿದ್ದಿಕೊಳ್ಳುವ ಈ ಅಭ್ಯಾಸ ಹದಿನೈದರ ವಯಸ್ಸಿನಲ್ಲಿ ಬೇರೆಲ್ಲಿ ಸಿಗುತ್ತದೆ? ನಾನು ಸಂಗೀತ ಶಿಕ್ಷಣದ ಪರ ಗಟ್ಟಿಯಾಗಿ ಮಾತನಾಡುವುದು ಈ ಒಂದು ಕಾರಣಕ್ಕೆ. ಸಭಾಕಂಪ ಕಡಿಮೆಯಾಗುವುದು, ಸಾಹಿತ್ಯ ಬಾಯಿಪಾಠವಾಗುವುದು ಇವೆಲ್ಲ ಅದರ ಜೊತೆಗೇ ಬರುತ್ತವೆ.

ಹಿರಿಯರ ಆತಂಕವೂ ಸುಳ್ಳಲ್ಲ, ಸಮಯ ಸೀಮಿತ. ಈ ವರ್ಷ ಸೀನಿಯರ್ ಪರೀಕ್ಷೆಗೆ ಕಟ್ಟಿಸಬೇಡಿ. ಪಾಠ ವಾರಕ್ಕೊಂದು ಸಾಕು; ಜಡಿಮಳೆಯ ದಿನಗಳಲ್ಲಿ ಅದೂ ತಪ್ಪಿದರೆ ಚಿಂತೆಯಿಲ್ಲ. ಆದರೆ ಬೆಳಿಗ್ಗೆ ಓದಲು ಕೂರುವ ಮೊದಲು ಅರ್ಧ ಗಂಟೆ ಶ್ರುತಿ ಹಾಕಿಕೊಂಡು ಹಾಡುವುದು ನಿಲ್ಲಬಾರದು. ವರ್ಷವಿಡೀ ಬಿಟ್ಟ ಕಂಠವನ್ನು ಮತ್ತೆ ಹದಕ್ಕೆ ತರುವುದು ಕಷ್ಟ. ಇನ್ನೊಂದು ಮಾತು: ನಿಮ್ಮ ಪತ್ರದಲ್ಲಿ ಹಿರಿಯರ ಅಭಿಪ್ರಾಯವಿದೆ, ಮೇಷ್ಟ್ರ ಅಭಿಪ್ರಾಯವಿದೆ, ಮಗಳದ್ದು ಇಲ್ಲ. ದಯವಿಟ್ಟು ಅವಳನ್ನು ಕೇಳಿ. ಅವಳೇ ಬೇಡವೆಂದರೆ ಬಲವಂತ ಮಾಡಬೇಡಿ.

ಪ್ರಶ್ನೆ: ನಾನು ನಿವೃತ್ತ ಗುಮಾಸ್ತ. ಸ್ವರಜ್ಞಾನವಿಲ್ಲ, ಹತ್ತಿರದಲ್ಲಿ ಸಂಗೀತ ಶಾಲೆಯೂ ಇಲ್ಲ. ಈಗ ಏನಾದರೂ ಕಲಿಯಬಹುದೆ?
– ಓದುಗರೊಬ್ಬರು, ಹೊಸನಗರ

ಉತ್ತರ: ಧಾರಾಳವಾಗಿ ಕಲಿಯಬಹುದು, ಕಾವ್ಯವನ್ನು ರಾಗವಾಗಿ ಓದುವ ಕಲೆಯಾದ ಗಮಕದಿಂದ ಆರಂಭಿಸಿ. ಶಿವಮೊಗ್ಗದ ಬಳಿ ತುಂಗೆಯ ದಡದಲ್ಲಿರುವ ಹೊಸಹಳ್ಳಿ ಈ ಕಲೆಯ ಮನೆ; ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಗೌರವ ಸಂದಿತು. ಗಮಕದಲ್ಲಿ ರಾಗಕ್ಕಿಂತ ಕಾವ್ಯದ ಅರ್ಥಕ್ಕೆ ಮೊದಲ ಮಣೆ, ತಾಳದ ಕಟ್ಟೂ ಇಲ್ಲ. ಕುಮಾರವ್ಯಾಸ ಭಾರತವನ್ನು ತೆಗೆದುಕೊಳ್ಳಿ. ಅದರ ಭಾಮಿನೀ ಷಟ್ಪದಿ ಮೂರು ಮತ್ತು ನಾಲ್ಕು ಮಾತ್ರೆಗಳ ಗತಿಯಲ್ಲಿ ಸಾಗುವುದರಿಂದ ಗಟ್ಟಿಯಾಗಿ ಓದುತ್ತಾ ಹೋದಂತೆ ಲಯ ತಾನಾಗಿ ಹತ್ತುತ್ತದೆ. ದಿನಕ್ಕೆ ಎರಡೇ ಪದ್ಯ ಸಾಕು. ಮೊದಲು ಪದ ಬಿಡಿಸಿ ಅರ್ಥ ಮಾಡಿಕೊಳ್ಳಿ, ಆಮೇಲೆ ಮೋಹನದಂತಹ ಪರಿಚಿತ ರಾಗದಲ್ಲಿ ವಾಚಿಸಿ.