ಬೋರ್ಬನ್, ರೈ ವಿಸ್ಕಿಗಳ ರುಚಿಯ ವ್ಯತ್ಯಾಸ ಹಿಡಿಯೋದು ಹೇಗೆ? ಒಳ್ಳೆಯದು ಯಾವುದು ಅಂತ ಗೊತ್ತಾಗೋದು ಹೇಗೆ?

ಅಮೆರಿಕಕ್ಕೆ ಬಂದು ಸ್ವಲ್ಪ ದಿನ ಆಗಿದೆ, ಅಂಗಡಿ ತುಂಬ ಬೋರ್ಬನ್, ರೈ ಬಾಟಲಿಗಳಿವೆ, ಕುಡಿದರೆ ಎಲ್ಲವೂ ಒಂದೇ ಥರ ಗಂಟಲು ಸುಡುತ್ತವೆ, ಜನ ಮಾತ್ರ ಎಲ್ಲದರಲ್ಲೂ ವೆನಿಲಾ, ಕ್ಯಾರಮೆಲ್ ಅಂತಾರೆ ಎಂದು ಬರೆದಿದ್ದೀರಿ. ನಾನು ಕೆಲಸದ ಮೇಲೆ ಬೋರ್ಬನ್‌ನ ತವರಾದ ಕೆಂಟಕಿ ರಾಜ್ಯಕ್ಕೆ ಬಂದು ಇಲ್ಲೇ ಉಳಿದವನು. ಈ ವಿಸ್ಕಿಗಳ ಮೇಲೆ ನನಗೆ ತುಂಬಾ ಪ್ರೀತಿ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲನೆಯದಾಗಿ, ವೆನಿಲಾ, ಕ್ಯಾರಮೆಲ್ ಸಿಕ್ಕಿತು ಅಂತ ಯಾವ ಬೋರ್ಬನ್‌ಗೂ ಅಂಕ ಕೊಡಬೇಡಿ. ಬೇಳೆ ಇದೆ ಅಂತ ಬಿಸಿಬೇಳೆಬಾತನ್ನು ಯಾರೂ ಹೊಗಳುವುದಿಲ್ಲ ಅಲ್ವಾ? ಇಲ್ಲೂ ಹಾಗೇ. ಕಾನೂನಿನ ಪ್ರಕಾರ ಬೋರ್ಬನ್ ಮಾಡುವ ಧಾನ್ಯದಲ್ಲಿ ಕನಿಷ್ಠ 51% ಮೆಕ್ಕೆಜೋಳ ಇರಬೇಕು, ರೈ ವಿಸ್ಕಿಗೆ ಕನಿಷ್ಠ 51% ರೈ ಅನ್ನೋ, ಗೋಧಿಯನ್ನು ಹೋಲುವ ಧಾನ್ಯ. ಎರಡನ್ನೂ ಒಳಗೆ ಬೆಂಕಿಯಿಂದ ಕರಕಲು ಮಾಡಿದ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಬೋರ್ಬನ್‌ಗೆ ಹೊರಗಿನ ಬಣ್ಣ, ಪರಿಮಳ ಏನನ್ನೂ ಸೇರಿಸುವಂತಿಲ್ಲ. ಓಕ್ ಮರ ಸುಟ್ಟಾಗ ಅದರೊಳಗಿನ ಲಿಗ್ನಿನ್ ಅನ್ನೋ ಅಂಶ ಒಡೆದು, ವೆನಿಲಾ ಪರಿಮಳ ಕೊಡುವ ವೆನಿಲಿನ್ ಹುಟ್ಟುತ್ತದೆ. ಮರದ ಸಕ್ಕರೆ ಕಂದಿ ಕ್ಯಾರಮೆಲ್ ಆಗುತ್ತದೆ. ಪೀಪಾಯಿ ಹೊಸದಾಗಿರುವುದರಿಂದ ಇದೆಲ್ಲ ಧಾರಾಳವಾಗಿ ವಿಸ್ಕಿಗೆ ಇಳಿಯುತ್ತದೆ. ಅಂದರೆ ಇದು ಪೀಪಾಯಿಯ ರುಚಿ, ಎಲ್ಲ ಬಾಟಲಿಗೂ ಬರುವಂಥದ್ದು. ನೀವು ಹುಡುಕಬೇಕಾದ್ದು ಅದರ ಹಿಂದೆ ನಿಂತಿರುವ ಧಾನ್ಯವನ್ನು.

ಅದಕ್ಕೆ ಒಂದೇ ಬಾಟಲಿ ತಂದರೆ ಏನೂ ತಿಳಿಯುವುದಿಲ್ಲ. ಮೂರನ್ನು ಪಕ್ಕಪಕ್ಕ ಇಡಿ: ಮೇಕರ್ಸ್ ಮಾರ್ಕ್ (ಇದೂ ಬೋರ್ಬನ್ನೇ), ಬುಲೆಟ್ ಬೋರ್ಬನ್, ಬುಲೆಟ್ ರೈ. ಅಮೆರಿಕದ ಅಂಗಡಿಗಳಲ್ಲಿ ಮೂರೂ ಸುಲಭವಾಗಿ ಸಿಗುತ್ತವೆ, ಮೂರೂ 45% ಆಲ್ಕೋಹಾಲ್. ಇದು ಮುಖ್ಯ. ಒಂದು 40%, ಇನ್ನೊಂದು 50% ಇದ್ದರೆ ನೀವು ಧಾನ್ಯವನ್ನಲ್ಲ, ಬರೀ ಉರಿಯನ್ನು ಹೋಲಿಸುತ್ತಿರುತ್ತೀರಿ. ಮೇಕರ್ಸ್ ಮಾರ್ಕ್‌ನಲ್ಲಿ ರೈ ಇಲ್ಲವೇ ಇಲ್ಲ, ಅದರ ಜಾಗದಲ್ಲಿ 16% ಗೋಧಿ ಇದೆ. ಬುಲೆಟ್ ಬೋರ್ಬನ್‌ನಲ್ಲಿ 28% ರೈ. ಬುಲೆಟ್ ರೈಯಲ್ಲಿ 95%.

ಗ್ಲಾಸಿನ ಬಾಯಿ ಕಿರಿದಾಗಿರಲಿ. ಗ್ಲೆನ್‌ಕೇರ್ನ್ ಅನ್ನೋ ವಿಸ್ಕಿ ಗ್ಲಾಸ್ ಇದ್ದರೆ ಒಳ್ಳೆಯದು, ಸಣ್ಣ ವೈನ್ ಗ್ಲಾಸ್ ಆದರೂ ನಡೆಯುತ್ತದೆ. ಒಂದೊಂದಕ್ಕೆ 15 ಎಂ.ಎಲ್. ಸಾಕು. ನಮ್ಮ ಕಡೆ ವಿಸ್ಕಿ ಅಂದರೆ ಸೋಡಾ, ಐಸ್, ಪಕ್ಕದಲ್ಲಿ ಖಾರಾ ಮಿಕ್ಸ್ಚರ್. ರುಚಿ ನೋಡುವ ಹೊತ್ತಿಗೆ ಮೂರೂ ಬೇಡ. ನಾಲಿಗೆಗೆ ಮೆಣಸಿನಕಾಯಿ ಹತ್ತಿದ ಮೇಲೆ ರೈಯ ಸಣ್ಣ ಖಾರ ಕಾಣುವುದೇ ಇಲ್ಲ. ಊಟ ಆಮೇಲೆ ಮಾಡಿ.

ಮೂಗನ್ನು ಗ್ಲಾಸಿನೊಳಗೆ ತುರುಕಬೇಡಿ, ಘಾಟಿಗೆ ಮೂಗೇ ಜೋಮು ಹಿಡಿಯುತ್ತದೆ. ಗದ್ದದ ಹತ್ತಿರ ಹಿಡಿದು, ಬಾಯಿ ಸ್ವಲ್ಪ ತೆರೆದುಕೊಂಡು ಮೆಲ್ಲಗೆ ಉಸಿರೆಳೆಯಿರಿ. ಮೊದಲ ಗುಟುಕು ಬಾಯಿ ಒಗ್ಗಿಕೊಳ್ಳೋದಕ್ಕೆ ಮಾತ್ರ, ಅದರ ಮೇಲೆ ತೀರ್ಪು ಬೇಡ. ಎರಡನೆಯದನ್ನು ನುಂಗುವ ಮುಂಚೆ ಬಾಯೊಳಗೆ ಅಗಿಯುವ ಹಾಗೆ ಆಡಿಸಿ. ಇದಕ್ಕೆ ಇಲ್ಲಿ ಕೆಂಟಕಿ ಚ್ಯೂ ಅನ್ನುತ್ತಾರೆ. ಜಿಮ್ ಬೀಮ್ ಬೋರ್ಬನ್ ಮನೆತನದ ಬುಕರ್ ನೋ ಅವರು ಹೀಗೇ ರುಚಿ ನೋಡುತ್ತಿದ್ದರು.

ಈಗ ಉರಿ ಎಲ್ಲಿದೆ ಅಂತ ಗಮನಿಸಿ. ಆಲ್ಕೋಹಾಲಿನ ಉರಿ ಗಂಟಲಿಗೆ, ಎದೆಗೆ ಇಳಿದು ಬೇಗ ಆರಿಹೋಗುತ್ತದೆ. ರೈಯ ಖಾರ ನಾಲಿಗೆಯ ಪಕ್ಕಗಳಲ್ಲಿ ಕೂತು ಚುರುಗುಟ್ಟುತ್ತಲೇ ಇರುತ್ತದೆ. ಮೇಕರ್ಸ್ ಮಾರ್ಕ್ ನಾಲಿಗೆಯ ತುದಿಯಲ್ಲೇ ಸಿಹಿಯಾಗಿ ಶುರುವಾಗಿ, ಮೆತ್ತಗೆ ಬಂದು ಮೆತ್ತಗೆ ಹೋಗುತ್ತದೆ. ಬುಲೆಟ್ ಬೋರ್ಬನ್‌ನಲ್ಲಿ ಸಿಹಿಯ ನಡುವೆ ಚಕ್ಕೆ, ಕರಿಮೆಣಸು ತಲೆಹಾಕುತ್ತವೆ. ರೈ ಗ್ಲಾಸನ್ನು ಮೂಸಿದರೆ ಇನ್ನೊಂದೇ ಲೋಕ. ನನಗಂತೂ ಪುದೀನಾ, ಜೊತೆಗೆ ಆಗ ತಾನೇ ಹೆಚ್ಚಿದ ಸಬ್ಬಸಿಗೆ ಸೊಪ್ಪು ಎದ್ದು ಕಾಣುತ್ತದೆ. ಇಂಡಿಯಾನಾ ರಾಜ್ಯದ ಲಾರೆನ್ಸ್‌ಬರ್ಗ್‌ನಲ್ಲಿರುವ ದೊಡ್ಡ ಡಿಸ್ಟಿಲರಿಯೊಂದು ಈ 95% ರೈಯನ್ನು ಎಷ್ಟೋ ಬ್ರ್ಯಾಂಡ್‌ಗಳಿಗೆ ಮಾಡಿಕೊಡುತ್ತದೆ. ಹಾಗಾಗಿ ಸಬ್ಬಸಿಗೆಯ ವಾಸನೆ ಒಮ್ಮೆ ಗೊತ್ತಾದರೆ ಬೇರೆ ಬೇರೆ ಹೆಸರಿನ ಬಾಟಲಿಗಳಲ್ಲೂ ಅದು ಸಿಗುತ್ತದೆ. ಲೇಬಲ್ ಪೂರ್ತಿ ಓದಿ. ಅಲ್ಲಿರುವ ವಿಳಾಸಕ್ಕಿಂತ ಬೇರೆ ರಾಜ್ಯದಲ್ಲಿ ಬಟ್ಟಿ ಇಳಿಸಿದ್ದರೆ ಅದನ್ನು ಲೇಬಲ್‌ನಲ್ಲಿ ಹೇಳಲೇಬೇಕು.

ಇಷ್ಟಾದ ಮೇಲೆ ಅರ್ಧ ಚಮಚ ನೀರು ಹಾಕಿ ಇನ್ನೊಮ್ಮೆ ನೋಡಿ. ಕೆಲವು ಅರಳುತ್ತವೆ, ಕೆಲವು ಸಪ್ಪೆಯಾಗುತ್ತವೆ. ನೀರು ಬಿದ್ದರೂ ಮೈ ಕಳೆದುಕೊಳ್ಳದ ವಿಸ್ಕಿಗೆ ನನ್ನ ಲೆಕ್ಕದಲ್ಲಿ ಜಾಸ್ತಿ ಬೆಲೆ.

ಹಳೆಯದಾದಷ್ಟೂ ಒಳ್ಳೆಯದು ಅನ್ನೋ ನಂಬಿಕೆ ಇಲ್ಲಿ ಬಿಡಬೇಕು. ಸ್ಕಾಚ್ ಸಾಮಾನ್ಯವಾಗಿ ಈಗಾಗಲೇ ಬಳಸಿದ ಹಳೆಯ ಪೀಪಾಯಿಯಲ್ಲಿ, ತಣ್ಣನೆಯ ದೇಶದಲ್ಲಿ ನಿಧಾನಕ್ಕೆ ಮಾಗುತ್ತದೆ. ಕೆಂಟಕಿಯ ಬೇಸಿಗೆ ಬಿಸಿಗೆ ಗೋದಾಮಿನ ಮೇಲಿನ ಅಂತಸ್ತುಗಳು ಕಾಯುತ್ತವೆ, ಹೊಸ ಮರ ತನ್ನದೆಲ್ಲವನ್ನೂ ಬಿಟ್ಟುಕೊಡುತ್ತದೆ. ಜಾಸ್ತಿ ವರ್ಷ ಇಟ್ಟರೆ ಬರೀ ಮರ, ಬರೀ ಒಗರು. ನುಂಗಿದ ಮೇಲೆ ಕಡು ಡಿಕಾಕ್ಷನ್ ಕುಡಿದಂತೆ ಬಾಯಿ ಒಣಗಿದರೆ ಪೀಪಾಯಿ ಗೆದ್ದು ಧಾನ್ಯ ಸೋತಿದೆ ಅಂತ ತಿಳಿಯಿರಿ. ಬೆಲೆ ಎಷ್ಟೇ ಇರಲಿ, ಅಂಥದ್ದು ನನಗೆ ಒಳ್ಳೆಯ ವಿಸ್ಕಿ ಅಲ್ಲ. ಸೀಮಿತ ಬಾಟಲಿಗಳಿಗಾಗಿ ಜನ ಮೂರು-ನಾಲ್ಕು ಪಟ್ಟು ದುಡ್ಡು ಕೊಡುವುದು ನೋಡಿದರೆ ನಿಜಕ್ಕೂ ಬೇಸರವಾಗುತ್ತದೆ. ಕಡಿಮೆ ದುಡ್ಡಿಗೇ ಇಲ್ಲಿ ಅಷ್ಟು ಒಳ್ಳೆಯ ಸರಕಿದೆ.

ಅಂಥದ್ದನ್ನು ಹುಡುಕಲು ನಾನು ಲೇಬಲ್ ಮೇಲೆ ನೋಡುವ ಗುರುತು ಬಾಟಲ್ಡ್ ಇನ್ ಬಾಂಡ್. ಕಲಬೆರಕೆ ತಡೆಯಲು 1897ರಲ್ಲಿ ಬಂದ ಕಾನೂನು ಇದು. ಒಂದೇ ಡಿಸ್ಟಿಲರಿಯಲ್ಲಿ, ಒಂದೇ ಹಂಗಾಮಿನಲ್ಲಿ ಬಟ್ಟಿ ಇಳಿಸಿರಬೇಕು, ಪೀಪಾಯಿಯಲ್ಲಿ ಕನಿಷ್ಠ 4 ವರ್ಷ ಇಟ್ಟಿರಬೇಕು, ಸರಿಯಾಗಿ 50% ಆಲ್ಕೋಹಾಲ್ ಇರಬೇಕು. ಮೊದಲ ಮೂರು ಬಾಟಲಿ ಆದ ಮೇಲೆ ಈ ಗುರುತಿರುವ ರಿಟನ್‌ಹೌಸ್ ರೈ ತನ್ನಿ. ಅದರಲ್ಲಿ ರೈ 51% ಮಾತ್ರ, ಉಳಿದದ್ದರಲ್ಲಿ ಹೆಚ್ಚಿನದು ಮೆಕ್ಕೆಜೋಳ. ಸ್ವಲ್ಪ ನೀರು ಹಾಕಿ ಬುಲೆಟ್ ರೈ ಪಕ್ಕ ಇಟ್ಟರೆ, ಸಬ್ಬಸಿಗೆ ಹಿಂದೆ ಸರಿದು ಬೋರ್ಬನ್‌ಗೆ ಹತ್ತಿರದ ಸಿಹಿ ಕಾಣುತ್ತದೆ. ಎರಡೂ ರೈ, ಆದರೆ ಗುಣ ಬೇರೆ.

ಕೊನೆಗೆ ಅಂಕದ ವಿಷಯ. ಮನೆಯವರ ಕೈಲಿ ಗ್ಲಾಸಿನ ತಳಕ್ಕೆ ನಂಬರ್ ಬರೆಸಿ, ಹೆಸರು ಗೊತ್ತಿಲ್ಲದೆ ಕುಡಿಯಿರಿ. 100ಕ್ಕೆ ಇಷ್ಟು ಅನ್ನೋದೆಲ್ಲ ಬೇಡ. ರುಚಿ ಶುರುವಿನಿಂದ ಕೊನೆಯವರೆಗೆ ಬದಲಾಯಿತಾ, ನುಂಗಿದ ಮೇಲೆ ಎಷ್ಟು ಹೊತ್ತು ಉಳಿಯಿತು, ಒಗರು ಮಿತಿಯಲ್ಲಿತ್ತಾ, ಈ ದುಡ್ಡಿಗೆ ಮತ್ತೆ ತರುತ್ತೀರಾ ಅಂತಷ್ಟೇ ಬರೆದುಕೊಳ್ಳಿ. ಒಂದು ಸಲಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ, ಆಮೇಲೆ ನಾಲಿಗೆ ಸರಿಯಾಗಿ ಹೇಳುವುದಿಲ್ಲ. ರುಚಿ ನೋಡಿ ಉಗುಳಿದರೂ ತಪ್ಪಿಲ್ಲ. ಆ ರಾತ್ರಿ ಕಾರು ಮಾತ್ರ ಮುಟ್ಟಬೇಡಿ.