ಬಿಡದ ಮಳೆಯಲ್ಲಿ ಮಾಳಿಗೆ, ಏರಿ, ಬಾವಿ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಈ ಸಲ ಮಳೆಯದೇ ಮಾತು. ತುರ್ತಾದವನ್ನು ಮೊದಲು ತೆಗೆದುಕೊಂಡಿದ್ದೇವೆ. ಉತ್ತರ ಬರೆದವರು ಕಟ್ಟಡ, ನೀರಾವರಿ, ಆರೋಗ್ಯ ಮತ್ತು ಕೃಷಿ ಕ್ಷೇತ್ರದ ಅನುಭವಿಗಳು.

ಪ್ರಶ್ನೆ: ನಮ್ಮದು ಮಣ್ಣಿನ ಮಾಳಿಗೆ ಮನೆ. ಒಂದೇ ಸಮನೆ ಜಡಿಮಳೆ, ಎರಡು ಕಡೆ ಸೋರುತ್ತಿದೆ. ಮೇಲೆ ನಾಲ್ಕು ಬುಟ್ಟಿ ಚೌಳು ಮಣ್ಣು ಹಾಕಿದರೆ ನಿಲ್ಲುತ್ತದೆ ಎನ್ನುತ್ತಾರೆ ಮನೆಯ ಹಿರಿಯರು. ಹಾಕಬಹುದೇ? (ಚಳ್ಳಕೆರೆ ತಾಲ್ಲೂಕು)

ಉತ್ತರ: ಈಗ ಬೇಡ. ಹಿರಿಯರ ಮಾತು ಸುಳ್ಳಲ್ಲ, ಆದರೆ ಚೌಳು ಹಾಕುವುದು ಮುಂಗಾರಿಗೆ ಮುಂಚೆ, ಒಣಗಿದ ಮಾಳಿಗೆಯ ಮೇಲೆ. 10 ಅಡಿಗೆ 10 ಅಡಿಯ ಕೋಣೆಯ ಮೇಲೆ 4 ಇಂಚು ಮಣ್ಣಿದ್ದರೆ ಒಣಗಿದಾಗಲೇ ಸುಮಾರು ಒಂದೂವರೆ ಟನ್ ತೂಕ. ನೀರು ಕುಡಿದರೆ ಎರಡು ಟನ್ ಸಮೀಪಕ್ಕೆ ಹೋಗುತ್ತದೆ. ವರ್ಷ ವರ್ಷ ಮಣ್ಣು ಏರಿಸುತ್ತ ಬಂದ ಮನೆಗಳಲ್ಲಿ 8 ಇಂಚು ಇದ್ದರೂ ಇರಬಹುದು, ಆಗ ತೂಕವೂ ಎರಡರಷ್ಟು. ಗೆದ್ದಲು ತಿಂದ ಜಂತಿ ಅದನ್ನು ಹೊರುವುದಿಲ್ಲ.

ತಾಡಪಾಲು ಹಾಕಿ. ಆದರೆ ಹಾಸಿಗೆಯಂತೆ ಚಪ್ಪಟೆ ಹಾಸಿದರೆ ನಡುವೆ ನೀರು ನಿಂತು ಅದೇ ಹೊಸ ಭಾರ. ಮಾಳಿಗೆಯ ಉದ್ದಕ್ಕೆ ಒಂದು ಬಿದಿರನ್ನು ಎತ್ತರಿಸಿ ಕಟ್ಟಿ, ಎರಡೂ ಕಡೆ ಇಳಿಜಾರು ಕೊಡಿ. ಅಂಚು ಗೋಡೆಯಿಂದ ಒಂದೂವರೆ ಅಡಿ ಆಚೆ ಬರಲಿ, ಇಲ್ಲದಿದ್ದರೆ ಮಾಳಿಗೆಯ ನೀರೆಲ್ಲ ಗೋಡೆಯ ಮೇಲೆ ಇಳಿಯುತ್ತದೆ. ಕೆಲಸ ಮಾಡುವಾಗ ಗೋಡೆಯ ನೇರಕ್ಕೆ ಕಾಲಿಡಿ, ನಡುಮಾಳಿಗೆಗೆ ಹೋಗಬೇಡಿ. ನೀರು ಹೊರಬೀಳುವ ದೋಣಿಯಲ್ಲಿ ಹುಲ್ಲು, ಕಸ ಕಟ್ಟಿದ್ದರೆ ಬಿಡಿಸಿ. ಸೋರುವುದರಲ್ಲಿ ಅರ್ಧ ಅಲ್ಲೇ ನಿಲ್ಲುತ್ತದೆ.

ತೊಲೆ ಬಾಗಿದ್ದರೆ ಕೆಳಗೆ ಸರ್ವೆ ಕಂಬ ಕೊಡಿ. ನೆಲ ಮಣ್ಣಿನದಾದರೆ ಕಂಬದ ಬುಡಕ್ಕೆ ದಪ್ಪ ಹಲಗೆ ಇಡಿ, ಬರೀ ಕಂಬ ಹಸಿ ನೆಲದಲ್ಲಿ ಇಳಿದುಬಿಡುತ್ತದೆ. ಗೋಡೆಯ ಬುಡ ಹೆಬ್ಬೆರಳಿಂದ ಒತ್ತಿದರೆ ತಗ್ಗುತ್ತಿದೆಯೇ? ನಿನ್ನೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಹಿಡಿಯುತ್ತಿದೆಯೇ? ಗೋಡೆ ಹೊಟ್ಟೆ ಬಂದಿದೆಯೇ? ಇದರಲ್ಲಿ ಒಂದು ಕಂಡರೂ ಆ ರಾತ್ರಿ ಮನೆಯಲ್ಲಿ ಮಲಗಬೇಡಿ. ಶಾಲೆಯೋ ಸಮುದಾಯ ಭವನವೋ, ದನಗಳನ್ನೂ ಹೊರಗೆ ಕಟ್ಟಿ.

ಮಳೆ ನಿಂತ ಮೇಲೆ ಜನ ನಿರಾಳವಾಗುತ್ತಾರೆ, ಗೋಡೆ ಬೀಳುವುದು ಆಗಲೂ ಉಂಟು. ಹೊರಮೈ ಬಿಸಿಲಿಗೆ ಒಣಗಿ ಕುಗ್ಗುತ್ತದೆ, ಒಳಗು ಹಸಿಯಾಗೇ ಇರುತ್ತದೆ, ಬಿರುಕು ಬಿಡುತ್ತದೆ. ಬಿಸಿಲು ಕಾಯಿಸಲೆಂದು ಗೋಡೆಗೆ ಒರಗಿ ಕೂರುವ ಅಜ್ಜಂದಿರನ್ನೂ ಮಕ್ಕಳನ್ನೂ ಅಂಗಳದ ಆಚೆ ಕೂರಿಸಿ.

ಪ್ರಶ್ನೆ: ಬಹಳ ವರ್ಷದ ಮೇಲೆ ಊರ ಕೆರೆ ಕೋಡಿ ಬಿದ್ದಿದೆ. ಕೋಡಿಗೆ ಮರಳು ಚೀಲ ಇಟ್ಟು ಇನ್ನೊಂದು ಅಡಿ ನಿಲ್ಲಿಸೋಣ ಎಂದು ಹುಡುಗರು ಹಟ ಹಿಡಿದಿದ್ದಾರೆ. ಏರಿಯ ಹಿಂಬದಿ ಒಂದು ಕಡೆ ನೀರು ಜಿನುಗುತ್ತಿದೆ. ಗಾಬರಿಪಡಬೇಕೇ? (ಹಿರಿಯೂರು ತಾಲ್ಲೂಕು)

ಉತ್ತರ: ಆಸೆ ಅರ್ಥವಾಗುತ್ತದೆ. ನಿಮ್ಮ ಪಕ್ಕದ ವಾಣಿವಿಲಾಸ ಸಾಗರವೇ 1933ರಲ್ಲಿ ತುಂಬಿದ್ದು ಮತ್ತೆ ಕೋಡಿ ಕಂಡದ್ದು 2022ರಲ್ಲಿ. ಬರ ಕಂಡ ಊರಿಗೆ ಹರಿದುಹೋಗುವ ನೀರು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೂ ಕೋಡಿಗೆ ಒಂದು ಚೀಲವನ್ನೂ ಇಡಗೊಡಬೇಡಿ. ಕೋಡಿ ಮಟ್ಟಕ್ಕೂ ಏರಿಯ ತಲೆಗೂ ನಡುವೆ ಬಿಟ್ಟ ಎತ್ತರ ನೀರು ಕೂಡಿಡಲು ಅಲ್ಲ, ರಾತ್ರಿ ಏಕಾಏಕಿ ಬರುವ ಹೊಳೆಗೆ. ಮಣ್ಣಿನ ಏರಿಯ ತಲೆಯ ಮೇಲೆ ನೀರು ಹತ್ತಿತೆಂದರೆ ಹಿಂಬದಿ ಕೊಚ್ಚಿಕೊಂಡು ಹೋಗಲು ಕೆಲವೇ ಗಂಟೆ ಸಾಕು. ಕೋಡಿಗೆ ಅಡ್ಡ ಕಟ್ಟಿದ ಮೀನು ಬಲೆಯನ್ನೂ ತೆಗೆಸಿ. ಅದಕ್ಕೆ ಜೊಂಡು, ಸೊಪ್ಪು ಸಿಕ್ಕಿಕೊಂಡರೆ ಅದೂ ಒಂದು ಒಡ್ಡೇ.

ಜಿನುಗುವ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಹತ್ತು ನಿಮಿಷ ಬಿಡಿ. ತಿಳಿಯಾಗಿದ್ದು, ದಿನದಿಂದ ದಿನಕ್ಕೆ ಹೆಚ್ಚದಿದ್ದರೆ ಗುರುತು ಹಾಕಿ ಬೆಳಿಗ್ಗೆ ಸಂಜೆ ನೋಡುತ್ತಿದ್ದರೆ ಸಾಕು. ತಳದಲ್ಲಿ ಮಣ್ಣು ಕೂತರೆ ಏರಿಯ ಒಳಗಿನ ಮಣ್ಣು ತೊಳೆದುಹೋಗುತ್ತಿದೆ ಎಂದರ್ಥ. ಅಂಥ ತೂತಿಗೆ ಜೇಡಿಮಣ್ಣು ಮೆತ್ತಿ ಮುಚ್ಚುವುದು ಎಲ್ಲರೂ ಮಾಡುವ ತಪ್ಪು. ಒಳಗಿನ ಒತ್ತಡ ಹೋಗುವುದಿಲ್ಲ, ಪಕ್ಕದಲ್ಲಿ ಇನ್ನೊಂದು ದಾರಿ ಹುಡುಕುತ್ತದೆ. ನೀರು ಬರಲಿ, ಮಣ್ಣು ಬರಬಾರದು. ಅದಕ್ಕೆ ತೂತಿನ ಮೇಲೆ ಅರ್ಧ ಅಡಿ ದಪ್ಪ ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹೇರಿ. ಸುತ್ತ ಬಳೆಯಾಕಾರದಲ್ಲಿ ಮರಳು ಚೀಲ ಜೋಡಿಸಿ ಒಳಗೆ ನೀರು ಸ್ವಲ್ಪ ಏರಲು ಬಿಡಿ. ಆ ನಿಂತ ನೀರೇ ಎದುರು ಒತ್ತಡ ಕೊಡುತ್ತದೆ. ಹೊರಬರುವ ನೀರು ತಿಳಿಯಾದ ಕೂಡಲೇ ಚೀಲ ಏರಿಸುವುದು ನಿಲ್ಲಿಸಿ. ಚೀಲಕ್ಕೆ ಮರಳು ಮೂರರಲ್ಲಿ ಎರಡು ಪಾಲು ಮಾತ್ರ, ಬಿಗಿಯಾಗಿ ತುಂಬಿದ ಚೀಲ ಒಂದಕ್ಕೊಂದು ಕಚ್ಚಿ ಕೂರುವುದಿಲ್ಲ.

ಏರಿ ಮೇಲಿನ ಬಳ್ಳಾರಿ ಜಾಲಿಯನ್ನು ಈಗ ಬೇರುಸಹಿತ ಕೀಳಬೇಡಿ, ಟ್ರ್ಯಾಕ್ಟರ್ ಓಡಾಟ ನಿಲ್ಲಿಸಿ. ತೂಬು ಎತ್ತುವುದಾದರೆ ಕ್ರಮೇಣ ಎತ್ತಿ, ನೀರು ಸರ್ರನೆ ಇಳಿದರೆ ಒಳಮೈ ಕುಸಿಯುತ್ತದೆ. ಇದೆಲ್ಲ ಅಧಿಕಾರಿಗಳು ಬರುವ ತನಕದ ಉಪಾಯ. ಕೆಸರು ನೀರು ಕಂಡ ತಕ್ಷಣ ಪಂಚಾಯಿತಿಗೂ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೂ ತಿಳಿಸಿ, ಕೆಳಗಿನ ಮನೆಗಳನ್ನು ಖಾಲಿ ಮಾಡಿಸಿ.

ಪ್ರಶ್ನೆ: ಇಲ್ಲಿ ಬಿಸಿಲಿದೆ, ಹೊಳೆ ಮಾತ್ರ ಏರುತ್ತಿದೆ. ಏಕೆ? (ಹರಿಹರ)

ಉತ್ತರ: ನಿಮ್ಮ ಹೊಳೆ ತುಂಗಭದ್ರೆ, ಅದರ ಮಳೆ ಬೀಳುವುದು ಶೃಂಗೇರಿ, ತೀರ್ಥಹಳ್ಳಿ ಕಡೆ. ಭದ್ರಾ ಜಲಾಶಯ 71 ಟಿಎಂಸಿ ಹಿಡಿಯುತ್ತದೆ, ಗಾಜನೂರಿನ ತುಂಗಾ ಜಲಾಶಯ ಮೂರು ಚಿಲ್ಲರೆ ಮಾತ್ರ. ಅದಕ್ಕೇ ತುಂಗೆಗೆ ಬಂದದ್ದು ಬಂದ ಹಾಗೇ ಕೂಡಲಿ, ಹೊನ್ನಾಳಿ ದಾಟಿ ನಿಮ್ಮಲ್ಲಿಗೆ ಬರುತ್ತದೆ. ಭದ್ರೆಯೂ ತುಂಬಿ ಗೇಟು ಎತ್ತಿದ ದಿನ ಹೆಚ್ಚು ಎಚ್ಚರ ಬೇಕು. ಊರಿನ ಮೋಡ ನೋಡುವ ಬದಲು ಗಾಜನೂರಿನ ಹೊರಹರಿವು ನೋಡಿ.

ಪ್ರಶ್ನೆ: ಬಾವಿಗೆ ನೆರೆ ನೀರು ನುಗ್ಗಿದೆ. ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು? (ಹೊನ್ನಾಳಿ ತಾಲ್ಲೂಕು)

ಉತ್ತರ: ಮೊದಲು ಕೆಸರು ನೀರು ಹೊರಹಾಕಿ, ಆದರೆ ಒಂದೇ ಏಟಿಗೆ ಬರಿದು ಮಾಡಬೇಡಿ. ಸುತ್ತಲಿನ ನೆಲ ನೀರು ತುಂಬಿಕೊಂಡಿರುವಾಗ ಬಾವಿ ಖಾಲಿಯಾದರೆ ಕಲ್ಲುಕಟ್ಟಡ ಒಳಕ್ಕೆ ಜರಿಯುತ್ತದೆ. ಡೀಸೆಲ್ ಎಂಜಿನ್ನನ್ನು ಬಾವಿಯೊಳಗೆ ಇಳಿಸಲೇಬೇಡಿ, ಹೊಗೆ ಒಳಗಿಳಿದವರನ್ನು ಕೊಲ್ಲುತ್ತದೆ.

ನೀರಿನ ಲೆಕ್ಕ ಹೀಗೆ: ಅಗಲ × ಅಗಲ × ನೀರಿನ ಆಳ (ಅಡಿಗಳಲ್ಲಿ) × 22 = ಲೀಟರ್. 10 ಅಡಿ ಅಗಲ, 12 ಅಡಿ ನೀರಿದ್ದರೆ 26,400 ಲೀಟರ್. ಮಾಮೂಲಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಪೌಡರ್ ಸಾಕು, ನೆರೆಯ ನಂತರ 5 ಗ್ರಾಂ ಹಾಕಿ. ಅಂದರೆ ಸುಮಾರು 130 ಗ್ರಾಂ. ಬಕೆಟ್ಟಿನಲ್ಲಿ ಮೊದಲು ಗಟ್ಟಿಯಾಗಿ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ಹಾಕಿ ಕದಡಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿ ಮಾತ್ರ ಬಾವಿಗೆ ಬಿಡಿ. ಸುಣ್ಣದ ಗಸಿ ಚೆಲ್ಲಿ. ಕೊಡ ಇಳಿಸಿ ಹತ್ತಾರು ಸಲ ಕದಡಿ. ರಾತ್ರಿ ಹಾಕಿ ಬೆಳಿಗ್ಗೆ ಬಳಸುವುದು ಒಳ್ಳೆಯದು. ಬಾಯಿ ತೆರೆದಿಟ್ಟ ಹಳೆ ಪೌಡರಿಗೆ ವಾಸನೆಯೇ ಇರದು, ಅದರಿಂದ ಉಪಯೋಗವೂ ಇಲ್ಲ. ಆಶಾ ಕಾರ್ಯಕರ್ತೆಯರ ಮೂಲಕ ಕ್ಲೋರಿನ್ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಕುದಿಸಿಯೇ ಕುಡಿಯಿರಿ.

ಪ್ರಶ್ನೆ: ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಳುಗಿತ್ತು. ಒಣಗಿದೆ, ಹಾಕಬಹುದೇ? (ನ್ಯಾಮತಿ)

ಉತ್ತರ: ಕಣ್ಣಿಗೆ ಒಣಗಿದರೆ ಆಗದು. ಮೆಕ್ಯಾನಿಕ್ ಮೆಗ್ಗರ್ (ಕರೆಂಟು ಸೋರುತ್ತಿದೆಯೇ ಎಂದು ಅಳೆಯುವ ಉಪಕರಣ) ಹಿಡಿದು ಕನಿಷ್ಠ 1 ಮೆಗಾಓಮ್ ತೋರಿಸಲಿ, ಆಮೇಲೆ ಮಾತು. ಆಟೋ ಸ್ಟಾರ್ಟರ್ ಇದ್ದರೆ ಈಗಲೇ ತಪ್ಪಿಸಿಡಿ, ನೀವು ನೀರಲ್ಲಿ ನಿಂತಾಗ ಕರೆಂಟು ಬಂದು ತಾನೇ ಓಡೀತು. ತಂತಿ ಬಿದ್ದಿದ್ದರೆ ಹತ್ತಿರ ಹೋಗದೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮುರಿದ ಮೆಕ್ಕೆಜೋಳದ ತೆನೆ ತಾಡಪಾಲಿನಡಿ ರಾಶಿ ಹಾಕಿದ್ದೇವೆ. ಮುಗ್ಗಲು ವಾಸನೆ ಬರುತ್ತಿದೆ. (ಜಗಳೂರು)

ಉತ್ತರ: ರಾಶಿಯೊಳಗೆ ಕೈ ಹಾಕಿ ನೋಡಿ. ಬಿಸಿ ಇದ್ದರೆ ಇಂದೇ ಹರಡಬೇಕು. ಮಳೆಗೆ ನೆನೆಯುವುದಕ್ಕಿಂತ ತಾಡಪಾಲಿನಡಿ ಬೇಯುವುದೇ ಹೆಚ್ಚು ಹಾಳು. ಸೂರಿನ ಕೆಳಗೆ ಅರ್ಧ ಅಡಿಗಿಂತ ದಪ್ಪವಿಲ್ಲದಂತೆ ಹರಡಿ, ದಿನಕ್ಕೆ ಮೂರು ನಾಲ್ಕು ಸಲ ಕೈಯಾಡಿಸಿ. ಕಾಳು ಒಣಗಿತೇ ಎಂದು ತಿಳಿಯಲು ಒಣ ಬಾಟಲಿಗೆ ಒಂದು ಹಿಡಿ ಕಾಳು, ಎರಡು ಚಮಚ ಒಣ ಉಪ್ಪು ಹಾಕಿ ಅಲ್ಲಾಡಿಸಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ 15ಕ್ಕಿಂತ ಹೆಚ್ಚು, ಚೀಲ ತುಂಬಬೇಡಿ. ಹಸಿರು ಬೂಷ್ಟು ಬಂದ ಕಾಳನ್ನು ಹಸುವಿಗೂ ಹಾಕಬೇಡಿ, ಆ ವಿಷ ಹಾಲಿಗೆ ಬರುತ್ತದೆ.

ಬೆಳೆ ವಿಮೆ ಕಟ್ಟಿದ್ದರೆ, ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆಗೆ 14 ದಿನದವರೆಗೆ ರಕ್ಷಣೆ ಇದೆ, ಆದರೆ ಹಾನಿಯಾದ 72 ಗಂಟೆಯೊಳಗೆ ತಿಳಿಸಬೇಕು. 14447ಕ್ಕೆ ಕರೆ ಮಾಡಿ ಸರ್ವೆ ನಂಬರು, ಹಾನಿಯಾದ ದಿನ ಹೇಳಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕಣಕ್ಕೆ ತಂದು ರಾಶಿ ಹಾಕಿದ್ದಕ್ಕೆ ಇದು ಸಿಗುವುದಿಲ್ಲ.